ಮನೆಯ ಗಣಕದ ದಿನಚರಿ ಮತ್ತು ಕಾವಲು

ಬೇಸರವಿಲ್ಲದೆ, ಮರೆವಿಲ್ಲದೆ, ಹೇಳಿದ ಹೊತ್ತಿಗೆ ಹೇಳಿದ ಕೆಲಸವನ್ನು ಮಾಡುವ ಆಳು ಸಿಕ್ಕಿದರೆ ಯಾರಿಗೆ ತಾನೆ ಬೇಡ? ಗಣಕಯಂತ್ರವು ಅಂತಹ ಆಳು. ಆದರೆ ಈ ಆಳಿನ ಸ್ವಭಾವದಲ್ಲಿ ಒಂದು ವಿಶೇಷವಿದೆ. ಹೇಳಿದ ಮಾತು ಸರಿಯೋ ತಪ್ಪೋ ಎಂದು ಅದು ವಿಚಾರಮಾಡುವುದಿಲ್ಲ. ಹೇಳಿದವರು ಮನೆಯ ಯಜಮಾನರೋ ಗೋಡೆ ಹಾರಿ ಬಂದ ಕಳ್ಳನೋ ಎಂಬುದನ್ನೂ, ನಾವು ಮೊದಲೇ ಗೊತ್ತುಪಡಿಸಿದ ಹೊರತು, ವಿಚಾರಿಸುವುದಿಲ್ಲ. ಆದ್ದರಿಂದ ಗಣಕಕ್ಕೆ ಕೆಲಸವನ್ನು ಒಪ್ಪಿಸುವ ವಿದ್ಯೆಯನ್ನೂ ಗಣಕವನ್ನು ಕಾಯುವ ವಿದ್ಯೆಯನ್ನೂ ಒಟ್ಟಿಗೆ ಕಲಿಯಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಕಲಿತರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗಬಹುದು.

ಒಂದು ಸಾಧಾರಣ ಸಂಸಾರವನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ. ಮನೆಗೆ ಒಂದೇ ಗಣಕ. ಅದರಲ್ಲಿ ನಡೆಯುವುದು ಲಿನಕ್ಸ್. ತಂದೆ ಅದರಲ್ಲಿ ಅಂಗಡಿಯ ಲೆಕ್ಕವನ್ನಿಡುತ್ತಾರೆ. ಎಂ.ಎಸ್‌ಸಿ. ಓದುತ್ತಿರುವ ಮಗಳು ತನ್ನ ಪ್ರಯೋಗಗಳ ಅಳತೆಗಳನ್ನೂ ಬರೆಯುತ್ತಿರುವ ಪ್ರಬಂಧವನ್ನೂ ಇಟ್ಟಿದ್ದಾಳೆ. ಹೈಸ್ಕೂಲಿನ ತಮ್ಮನಿಗೆ ಪಾಠವೂ ಅದರಲ್ಲೇ, ಆಟವೂ ಅದರಲ್ಲೇ. ಎರಡು ವರ್ಷಗಳ ಅಳತೆಗಳೆಲ್ಲ ಒಂದೇ ಡಿಸ್ಕಿನ ಮೇಲಿವೆ. ಡಿಸ್ಕು ಎಂದಾದರೊಂದು ದಿನ ಕೆಡುವುದು ನಿಶ್ಚಯ. ಯಾವ ದಿನವೆಂಬುದು ಮಾತ್ರ ತಿಳಿಯದು. ಆದ್ದರಿಂದ ಪ್ರತಿ ರಾತ್ರಿಯೂ ಅವುಗಳ ನಕಲನ್ನು ಬೇರೊಂದು ಡಿಸ್ಕಿಗೆ ಇಳಿಸಬೇಕು. ಮನುಷ್ಯರು ಇದನ್ನು ನಾಲ್ಕು ದಿನ ಮಾಡಿ ಐದನೆಯ ದಿನ ಮರೆಯುತ್ತಾರೆ. ಗಣಕವು ಮರೆಯುವುದಿಲ್ಲ. ಈ ಒಂದು ಕೆಲಸವನ್ನೇ ಹಿಡಿದು, ಅದನ್ನು ಗಣಕಕ್ಕೆ ಒಪ್ಪಿಸುವ ಕ್ರಮವೇನು, ಒಪ್ಪಿಸುವಾಗ ಗಮನಿಸಬೇಕಾದ ಸಂಗತಿಗಳೇನು ಎಂಬುದನ್ನು ವಿಚಾರಮಾಡೋಣ.

ಮೂರು ಅಂಕಿಗಳ ಕಾವಲು

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚೀ ಮತ್ತು ಅವರ ಸಂಗಡಿಗರು ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮನ್ನು ರಚಿಸತೊಡಗಿದರು. ಗಣಕದ ಅಂಗಾಂಗಗಳನ್ನೂ ಅದರಲ್ಲಿ ನಡೆಯುವ ಕೆಲಸಗಳನ್ನೂ ಆಳುವ ಮೂಲ ವ್ಯವಸ್ಥೆಗೆ ಈ ಹೆಸರು. ಆ ಕಾಲದಲ್ಲಿ ಗಣಕವು ಬಹಳ ಬೆಲೆಯ ವಸ್ತುವಾಗಿತ್ತು. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸಬೇಕಾಗಿತ್ತು. ಒಬ್ಬರ ಬರಹವನ್ನು ಇನ್ನೊಬ್ಬರು ಓದದಂತೆಯೂ ಅಳಿಸದಂತೆಯೂ ಏರ್ಪಾಡು ಬೇಕಾದುದರಿಂದ, ಹಕ್ಕುಗಳ ಹಂಚಿಕೆಯು ಯೂನಿಕ್ಸಿನ ಅಡಿಪಾಯದಲ್ಲೇ ಸೇರಿಕೊಂಡಿತು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ, 21 ವರ್ಷದ ಲೀನಸ್ ಟೋರ್ವಾಲ್ಡ್ಸ್ ಯೂನಿಕ್ಸಿನ ನಡವಳಿಕೆಯನ್ನು ಅನುಸರಿಸಿ ಲಿನಕ್ಸನ್ನು ಸ್ವತಂತ್ರವಾಗಿ ಬರೆದಾಗ, ಈ ಏರ್ಪಾಡೂ ಅದರೊಡನೆ ಬಂದಿತು.

ಲಿನಕ್ಸಿನಲ್ಲಿ ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯನಿದ್ದಾನೆ, ಒಂದು ಬಳಗವಿದೆ. ಇವರನ್ನು ಬಿಟ್ಟವರೆಲ್ಲ ಉಳಿದವರು. ಈ ಮೂರು ತರಗತಿಗಳಿಗೂ ಮೂರು ಹಕ್ಕುಗಳನ್ನು ಬೇರೆ ಬೇರೆಯಾಗಿ ಕೊಡಬಹುದು. ಓದುವ ಹಕ್ಕಿಗೆ 4, ಬರೆಯುವ ಹಕ್ಕಿಗೆ 2, ಆಜ್ಞೆಯಾಗಿ ನಡೆಸುವ ಹಕ್ಕಿಗೆ 1 ಎಂದು ಬೆಲೆಯಿಟ್ಟು, ಕೊಟ್ಟಷ್ಟನ್ನು ಕೂಡಿಸುತ್ತಾರೆ. 4, 2, 1 ಇವು ಎರಡರ ಘಾತಗಳಾದುದರಿಂದ 0ಯಿಂದ 7ರವರೆಗಿನ ಯಾವ ಮೊತ್ತವೇ ಆಗಲಿ ಒಂದೇ ಒಂದು ರೀತಿಯಲ್ಲಿ ಮಾತ್ರ ಬರಲು ಸಾಧ್ಯ. 6 ಎಂದರೆ 4 ಮತ್ತು 2, ಅಂದರೆ ಓದು ಮತ್ತು ಬರಹ. ಬೇರೆ ಅರ್ಥಕ್ಕೆ ಎಡೆಯಿಲ್ಲ. ಮೂರು ತರಗತಿಗಳಿಗೆ ಮೂರು ಅಂಕಿಗಳು. ಮಗಳು ತನ್ನ ಅಳತೆಗಳ ಕಡತಕ್ಕೆ 600 ಎಂಬ ಹಕ್ಕನ್ನಿಟ್ಟರೆ, ಅವಳು ಓದಬಹುದು, ಬರೆಯಬಹುದು. ಬೇರೆ ಯಾರೂ ಏನೂ ಮಾಡಲಾರರು. ತಂದೆ ಲೆಕ್ಕದ ಕಡತಕ್ಕೆ 640 ಎಂದಿಟ್ಟರೆ, ಬಳಗದವರು ಲೆಕ್ಕವನ್ನು ನೋಡಬಹುದು, ತಿದ್ದಲಾರರು. ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆಯನ್ನು ತೆರೆಯುವುದು ಅಗತ್ಯವೆಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ. ಎಲ್ಲರೂ ಒಂದೇ ಹೆಸರಿನಲ್ಲಿ ಪ್ರವೇಶಿಸಿದರೆ ಈ ಮೂರು ಅಂಕಿಗಳಿಗೆ ಅರ್ಥವೇ ಉಳಿಯದು.

ಇವರೆಲ್ಲರ ಮೇಲೆ ‘ರೂಟ್’ ಎಂಬ ಸರ್ವಾಧಿಕಾರಿಯ ಖಾತೆಯೊಂದಿದೆ. ಈ ಅಂಕಿಗಳು ಅದನ್ನು ತಡೆಯಲಾರವು. ನಿತ್ಯದ ಕೆಲಸಕ್ಕೆ ಈ ಖಾತೆಯನ್ನು ಬಳಸುವುದೆಂದರೆ ಉಪ್ಪಿನ ಡಬ್ಬಿಯನ್ನು ತೆಗೆಯಲು ಇಡೀ ಮನೆಯ ಬೀಗದ ಕೈ ಗೊಂಚಲನ್ನು ಹಿಡಿದು ತಿರುಗಿದಂತೆ. ಬೇಕಾದಾಗ ಮಾತ್ರ, ಬೇಕಾದ ಆಜ್ಞೆಗೆ ಮಾತ್ರ ರೂಟಿನ ಅಧಿಕಾರವನ್ನು ಎರವಲು ಪಡೆಯಲು ‘ಸೂಡೂ’ ಎಂಬ ಆಜ್ಞೆಯಿದೆ. ಯಾವ ಕೆಲಸಕ್ಕೇ ಆಗಲಿ, ಅದು ನೆರವೇರಲು ಸಾಕಾಗುವಷ್ಟೇ ಅಧಿಕಾರವನ್ನು ಕೊಡಬೇಕು, ಹೆಚ್ಚನ್ನು ಕೊಡಕೂಡದು. ಜೆರೋಮ್ ಸಾಲ್ಟ್ಜರ್ ಮತ್ತು ಮೈಕೇಲ್ ಶ್ರೋಡರ್ ಎಂಬ ವಿದ್ವಾಂಸರು 1975ರ ತಮ್ಮ ಪ್ರಬಂಧದಲ್ಲಿ ಗಣಕ ರಕ್ಷಣೆಯ ಸೂತ್ರಗಳಲ್ಲೊಂದಾಗಿ ಇದನ್ನು ನಿರೂಪಿಸಿದರು. ಮುಂದೆ ನಾವು ನೋಡುವುದೆಲ್ಲ ಈ ಒಂದು ಸೂತ್ರದ ವಿಸ್ತಾರವೇ.

ಪಾಸ್‌ವರ್ಡಿನ ಗಣಿತ

ಖಾತೆಯ ಬಾಗಿಲಿಗೆ ಪಾಸ್‌ವರ್ಡೇ ಬೀಗ. ಗಣಕವು ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಡುವುದಿಲ್ಲ. ಹಿಂದಕ್ಕೆ ಬಿಡಿಸಲು ಬಾರದ ಗಣಿತಕ್ರಿಯೆಯೊಂದಕ್ಕೆ ಅದನ್ನು ಒಳಪಡಿಸಿ, ಬಂದ ಫಲವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಆ ಫಲದ ಪಟ್ಟಿಯನ್ನು ಕದ್ದವನು ಒಂದೊಂದೇ ಪದವನ್ನು ಊಹಿಸಿ, ಅದೇ ಕ್ರಿಯೆಗೆ ಒಳಪಡಿಸಿ, ಹೋಲಿಸಿ ನೋಡಬೇಕಾಗುತ್ತದೆ. ಅವನ ಯಂತ್ರವು ಸೆಕೆಂಡಿಗೆ ನೂರು ಕೋಟಿ ಊಹೆಗಳನ್ನು ಮಾಡಬಲ್ಲುದೆಂದು ಇಟ್ಟುಕೊಳ್ಳೋಣ. ಇಂಗ್ಲಿಷಿನ 26 ಸಣ್ಣಕ್ಷರಗಳಲ್ಲಿ ಮನಬಂದಂತೆ ಆರಿಸಿದ 8 ಅಕ್ಷರಗಳ ಪದಗಳು ಒಟ್ಟು 20,882 ಕೋಟಿಗೂ ಸ್ವಲ್ಪ ಹೆಚ್ಚು. ಅಷ್ಟನ್ನೂ ಪರೀಕ್ಷಿಸಲು ಅವನಿಗೆ ಮೂರೂವರೆ ನಿಮಿಷ ಸಾಕು! 12 ಅಕ್ಷರಗಳಾದರೆ ಸುಮಾರು 3 ವರ್ಷ ಬೇಕು. 16 ಅಕ್ಷರಗಳಾದರೆ ಸುಮಾರು 13 ಲಕ್ಷದ 80 ಸಾವಿರ ವರ್ಷ. ನಾಲ್ಕು ಅಕ್ಷರಗಳು ಹೆಚ್ಚಿದಾಗಲೆಲ್ಲ ಕಾಲವು 4,56,976 ಪಟ್ಟು ಬೆಳೆಯುತ್ತದೆ. ಆದ್ದರಿಂದ ಚಿಕ್ಕ ಪದದಲ್ಲಿ ಚಿಹ್ನೆಗಳನ್ನು ತುರುಕುವುದಕ್ಕಿಂತ ಪದವನ್ನು ಉದ್ದವಾಗಿಸುವುದು ಹೆಚ್ಚು ಫಲಕಾರಿ.

ಆದರೆ ಈ ಗಣಿತವೆಲ್ಲ ಅಕ್ಷರಗಳನ್ನು ಮನಬಂದಂತೆ ಆರಿಸಿದಾಗ ಮಾತ್ರ ಸತ್ಯ. ಬೆಲ್ ಪ್ರಯೋಗಶಾಲೆಯ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಬಳಕೆದಾರರೇ ಆರಿಸಿಕೊಂಡಿದ್ದ 3,289 ಪಾಸ್‌ವರ್ಡುಗಳ ಪೈಕಿ 2,831, ಅಂದರೆ ಶೇಕಡ 86ರಷ್ಟು, ತೀರ ಚಿಕ್ಕವಾಗಿದ್ದುವು ಅಥವಾ ನಿಘಂಟು, ಹೆಸರಿನ ಪಟ್ಟಿ ಮೊದಲಾದವುಗಳಲ್ಲಿ ಸಿಕ್ಕುವಂತಹವಾಗಿದ್ದುವು. ಹದಿನಾರು ಅಕ್ಷರಗಳಿದ್ದರೂ ಅದು ಮನೆದೇವರ ಹೆಸರೂ ಹುಟ್ಟಿದ ವರ್ಷವೂ ಕೂಡಿದ್ದಾದರೆ, ಊಹಿಸುವವನು ಲಕ್ಷಾಂತರ ವರ್ಷ ಕಾಯಬೇಕಾಗಿಲ್ಲ.

ಗಣಕದ ವೇಳಾಪಟ್ಟಿ

ಇನ್ನು ಕೆಲಸವನ್ನು ಒಪ್ಪಿಸುವ ವಿಷಯ. ಲಿನಕ್ಸಿನಲ್ಲಿ ‘ಕ್ರಾನ್’ ಎಂಬ ಸೇವಕನಿದ್ದಾನೆ. ಇವನು ನಿಮಿಷಕ್ಕೊಮ್ಮೆ, ಎಂದರೆ ದಿನಕ್ಕೆ 1,440 ಸಲ ಎದ್ದು, ವೇಳಾಪಟ್ಟಿಯನ್ನು ನೋಡಿ, ಆ ನಿಮಿಷಕ್ಕೆ ಗೊತ್ತುಮಾಡಿದ ಕೆಲಸವಿದ್ದರೆ ಮಾಡಿ, ಇಲ್ಲದಿದ್ದರೆ ಮತ್ತೆ ಮಲಗುತ್ತಾನೆ. ವೇಳಾಪಟ್ಟಿಯ ಪ್ರತಿ ಸಾಲಿನ ಮೊದಲಲ್ಲಿ ಐದು ಸ್ಥಾನಗಳಿವೆ: ನಿಮಿಷ, ಗಂಟೆ, ತಿಂಗಳ ದಿನ, ತಿಂಗಳು, ವಾರ. ನಕ್ಷತ್ರದ ಗುರುತಿದ್ದಲ್ಲಿ ‘ಯಾವುದಾದರೂ ಸರಿ’ ಎಂದರ್ಥ.

30 21 * * *

ಹೀಗೆ ಬರೆದರೆ ಪ್ರತಿದಿನ ರಾತ್ರಿ ಒಂಬತ್ತೂವರೆಗೆ ಎಂದಾಯಿತು.

0 6 * * 1

ಹೀಗೆ ಬರೆದರೆ ಪ್ರತಿ ಸೋಮವಾರ ಬೆಳಗ್ಗೆ ಆರಕ್ಕೆ. ಭಾನುವಾರಕ್ಕೆ 0 ಎಂದು ಲೆಕ್ಕ. ಐದು ಸ್ಥಾನಗಳ ಮುಂದೆ ಮಾಡಬೇಕಾದ ಆಜ್ಞೆಯನ್ನು ಬರೆದರೆ ಮುಗಿಯಿತು. ಇಂದು ಅನೇಕ ಲಿನಕ್ಸ್ ಗಣಕಗಳಲ್ಲಿ ಇದೇ ಕೆಲಸಕ್ಕೆ ‘ಸಿಸ್ಟಮ್‌ಡಿ’ ಎಂಬ ವ್ಯವಸ್ಥೆಯ ಟೈಮರುಗಳೂ ಇವೆ.

ಇಲ್ಲಿ ಎರಡು ತೊಡಕುಗಳನ್ನು ಹೇಳಬೇಕು. ಮೊದಲನೆಯದು, ಕೈಯಿಂದ ಬರೆದಾಗ ಸರಿಯಾಗಿ ನಡೆದ ಆಜ್ಞೆ ಕ್ರಾನಿನ ಮೂಲಕ ನಡೆಯದೆಹೋಗುವುದುಂಟು. ಆಜ್ಞೆಗಳನ್ನು ಯಾವ ಯಾವ ಕಡತಕೋಶಗಳಲ್ಲಿ ಹುಡುಕಬೇಕೆಂಬ ಪಟ್ಟಿ ನಮಗಿರುವುದಕ್ಕಿಂತ ಕ್ರಾನಿಗೆ ಚಿಕ್ಕದು. ಆದಕಾರಣ ವೇಳಾಪಟ್ಟಿಯಲ್ಲಿ ಆಜ್ಞೆಯ ಪೂರ್ಣ ವಿಳಾಸವನ್ನೇ ಬರೆಯಬೇಕು. ಎರಡನೆಯದು, ರಾತ್ರಿ ಒಂಬತ್ತೂವರೆಗೆ ವಿದ್ಯುತ್ತು ಹೋಗಿ ಗಣಕವು ಆರಿದ್ದರೆ ಆ ದಿನದ ಕೆಲಸ ತಪ್ಪಿತು. ಕ್ರಾನ್ ಅದನ್ನು ಸಾಮಾನ್ಯವಾಗಿ ಮರುದಿನ ನೆನೆಸಿಕೊಂಡು ಮಾಡುವುದಿಲ್ಲ. ಸದಾ ನಡೆಯುತ್ತಿರುವ ದೊಡ್ಡ ಯಂತ್ರಗಳಿಗೆ ಇದು ಕೊರತೆಯಲ್ಲ, ಮನೆಯ ಗಣಕಕ್ಕೆ ದೊಡ್ಡ ಕೊರತೆ. ಕಳೆದ ಸಲ ಕೆಲಸ ಎಂದು ನಡೆಯಿತೆಂಬುದನ್ನು ಬರೆದಿಟ್ಟು, ಬಾಕಿಯನ್ನು ತೀರಿಸುವ ‘ಅನಾಕ್ರಾನ್’ ಎಂಬ ಇನ್ನೊಬ್ಬ ಸೇವಕ ಇದಕ್ಕಾಗಿಯೇ ಇದ್ದಾನೆ. ಟೈಮರುಗಳಲ್ಲಿಯೂ ಬಾಕಿ ತೀರಿಸುವ ಏರ್ಪಾಡನ್ನು ಮಾಡಿಕೊಳ್ಳಬಹುದು.

ಬೇಲಿಯೇ ಹೊಲವನ್ನು ಮೇಯ್ದರೆ

ವೇಳಾಪಟ್ಟಿ ಯಾರದೋ ಅವರ ಅಧಿಕಾರದಿಂದಲೇ ಕೆಲಸ ನಡೆಯುತ್ತದೆ. ಮಗಳ ಪಟ್ಟಿಯಲ್ಲಿರುವ ಕೆಲಸಕ್ಕೆ ಮಗಳ ಹಕ್ಕುಗಳಷ್ಟೇ ಉಂಟು. ರೂಟಿನ ಪಟ್ಟಿಯಲ್ಲಿರುವ ಕೆಲಸಕ್ಕೆ ಅಡೆತಡೆಯೇ ಇಲ್ಲ. ‘ರೂಟಿನ ಪಟ್ಟಿಯಲ್ಲಿ ಬರೆದುಬಿಟ್ಟರೆ ತಂಟೆಯೇ ಇಲ್ಲ’ ಎಂದು ಹಲವರು ಎಣಿಸುತ್ತಾರೆ. ಆ ಸುಲಭದಲ್ಲಿ ಅಡಗಿರುವ ಅಪಾಯವನ್ನು ನೋಡೋಣ.

ನಕಲು ಮಾಡುವ ಆಜ್ಞೆಗಳನ್ನೆಲ್ಲ ಒಂದು ಕಡತದಲ್ಲಿ ಬರೆದು, ಅದನ್ನು ಪ್ರತಿ ರಾತ್ರಿಯೂ ನಡೆಸಬೇಕೆಂದು ರೂಟಿನ ಪಟ್ಟಿಗೆ ಸೇರಿಸಿದೆವೆಂದು ಭಾವಿಸೋಣ. ಆ ಕಡತವು ಎಲ್ಲರೂ ಬರೆಯಬಹುದಾದ ಕಡತಕೋಶವೊಂದರಲ್ಲಿದೆ. ತಮ್ಮನ ಖಾತೆಗೆ ಯಾವುದೋ ಆಟದ ಜೊತೆಯಲ್ಲಿ ದುಷ್ಟ ಕ್ರಮವಿಧಿಯೊಂದು ನುಸುಳಿತು. ಅದಕ್ಕೆ ತಮ್ಮನ ಹಕ್ಕುಗಳು ಮಾತ್ರ ಇವೆ. ಅಕ್ಕನ ಅಳತೆಗಳನ್ನು ಅದು ಮುಟ್ಟಲಾರದು. ಆದರೆ ಅದು ನಮ್ಮ ಆಜ್ಞೆಗಳ ಕಡತದ ಜಾಗದಲ್ಲಿ ತನ್ನದೊಂದನ್ನು ಇರಿಸಬಲ್ಲುದು. ರಾತ್ರಿ ಒಂಬತ್ತೂವರೆಗೆ ಕ್ರಾನ್ ಎದ್ದು, ಸರ್ವಾಧಿಕಾರದೊಡನೆ, ಶತ್ರುವಿನ ಆಜ್ಞೆಯನ್ನು ನಿಷ್ಠೆಯಿಂದ ನೆರವೇರಿಸುತ್ತಾನೆ. ಕಾವಲಿಗೆಂದು ಮಾಡಿದ ಏರ್ಪಾಡೇ ಮನೆಯನ್ನು ಸೂರೆಮಾಡಿತು. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಯಿತು. ಕಡತಕ್ಕೆ 600 ಅಥವಾ 700 ಎಂಬ ಹಕ್ಕನ್ನಿಟ್ಟಿದ್ದರೂ ಇಲ್ಲಿ ರಕ್ಷಣೆ ದೊರೆಯುವುದಿಲ್ಲವೆಂಬುದು ಗಮನಾರ್ಹ. ಕಡತಕೋಶದಲ್ಲಿ ಬರೆಯುವ ಹಕ್ಕುಳ್ಳವರು, ಸಾಮಾನ್ಯವಾಗಿ, ಅದರೊಳಗಿನ ಕಡತವನ್ನು ಓದಲಾಗದಿದ್ದರೂ ತೆಗೆದುಹಾಕಿ ಅದೇ ಹೆಸರಿನ ಬೇರೊಂದನ್ನು ಇಡಬಲ್ಲರು.

ಆದುದರಿಂದ ಮೂರು ಪ್ರಶ್ನೆಗಳನ್ನು ಕೇಳಿಕೊಂಡೇ ವೇಳಾಪಟ್ಟಿಗೆ ಸಾಲನ್ನು ಸೇರಿಸಬೇಕು. ಈ ಕೆಲಸಕ್ಕೆ ರೂಟಿನ ಅಧಿಕಾರ ನಿಜವಾಗಿ ಬೇಕೆ? ಆಜ್ಞೆಗಳ ಕಡತವನ್ನು ಯಾರು ತಿದ್ದಬಲ್ಲರು? ಅದಿರುವ ಕಡತಕೋಶದಲ್ಲಿ ಯಾರು ಬರೆಯಬಲ್ಲರು? ನಮ್ಮ ಉದಾಹರಣೆಯಲ್ಲಿ ಮಗಳು ತನ್ನ ಕಡತಗಳ ನಕಲನ್ನು ತನ್ನದೇ ಪಟ್ಟಿಯಿಂದ, ತನ್ನದೇ ಹಕ್ಕಿನಿಂದ ತೆಗೆಯಬಹುದು. ರೂಟಿನ ಗೊಡವೆಯೇ ಬೇಡ.

ನಕಲುಗಳ ಲೆಕ್ಕ

ನಕಲು ಮಾಡಲು ‘ಆರ್‌ಸಿಂಕ್’ ಎಂಬ ಕ್ರಮವಿಧಿ ಬಹಳ ಅನುಕೂಲವಾದುದು. 1996ರಲ್ಲಿ ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಇದನ್ನು ಪ್ರಕಟಿಸಿದರು. ನಿನ್ನೆಯಿಂದ ಬದಲಾಗದ ಕಡತಗಳನ್ನು ಇದು ಬಿಟ್ಟುಬಿಡುತ್ತದೆ. ದೂರದ ಗಣಕಕ್ಕೆ ಕಳುಹಿಸುವಾಗ ದೊಡ್ಡ ಕಡತದ ಬದಲಾದ ಭಾಗಗಳನ್ನು ಮಾತ್ರ ಸಾಗಿಸುತ್ತದೆ. ಆದರೆ ಮೂಲದಲ್ಲಿ ಅಳಿಸಿದ್ದನ್ನು ನಕಲಿನಲ್ಲಿಯೂ ಅಳಿಸು ಎಂದು ಇದಕ್ಕೆ ಹೇಳಿದ್ದರೆ, ಸಂಜೆ ಕೈತಪ್ಪಿ ಅಳಿಸಿದ ಪ್ರಬಂಧವು ರಾತ್ರಿ ನಕಲಿನಿಂದಲೂ ಮಾಯವಾಗುತ್ತದೆ. ಕನ್ನಡಿಯು ಬಿಂಬವನ್ನು ತೋರಿಸೀತೇ ಹೊರತು ನಿನ್ನೆಯ ಮುಖವನ್ನು ತೋರಿಸಲಾರದು. ಆದ್ದರಿಂದ ಕನ್ನಡಿಯಂತಹ ಒಂದೇ ನಕಲು ಸಾಲದು; ದಿನಾಂಕ ಹಾಕಿದ ಹಲವು ನಕಲುಗಳು ಬೇಕು. ಬದಲಾಗದ ಕಡತಗಳನ್ನು ಹಳೆಯ ನಕಲಿನೊಡನೆ ಹಂಚಿಕೊಳ್ಳುವಂತೆ ಆರ್‌ಸಿಂಕಿಗೆ ತಿಳಿಸಿದರೆ, ಇಂತಹ ಹತ್ತಾರು ನಕಲುಗಳೂ ಹೆಚ್ಚು ಜಾಗವನ್ನು ಹಿಡಿಯುವುದಿಲ್ಲ.

ಇನ್ನೊಂದು ಎಚ್ಚರಿಕೆ. ನಕಲಿಗಾಗಿ ಇಟ್ಟ ಹೊರಗಿನ ಡಿಸ್ಕನ್ನು ಆ ದಿನ ಜೋಡಿಸದೆ ಮರೆತಿದ್ದರೆ, ಅದರ ಹೆಸರಿನ ಖಾಲಿ ಕಡತಕೋಶವು ಗಣಕದೊಳಗೇ ಉಳಿದಿರಬಹುದು. ಆಗ ನಕಲು ಮೂಲವಿರುವ ಡಿಸ್ಕಿನ ಮೇಲೆಯೇ ಬೀಳುತ್ತದೆ! ನೋಡುವವರಿಗೆ ಎಲ್ಲವೂ ಸರಿಯಾಗಿದ್ದಂತೆ ತೋರುತ್ತದೆ. ಡಿಸ್ಕು ಜೋಡಣೆಯಾಗಿದೆಯೇ ಎಂದು ಮೊದಲು ಪರೀಕ್ಷಿಸಿ, ಇಲ್ಲದಿದ್ದರೆ ದೂರು ಹೇಳಿ ನಿಲ್ಲುವಂತೆ ಆಜ್ಞೆಯನ್ನು ಬರೆಯಬೇಕು.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಸಂಭವನೀಯತೆಯ ಲೆಕ್ಕ ಗೊತ್ತಿದೆ. ಒಂದು ಡಿಸ್ಕು ವರ್ಷದೊಳಗೆ ಕೆಡುವ ಸಂಭವ 50ರಲ್ಲಿ 1 ಎಂದು ಊಹಿಸಿದರೆ, ಎರಡೂ ಕೆಡುವ ಸಂಭವ 2,500ರಲ್ಲಿ 1. ಆದರೆ ಹೀಗೆ ಗುಣಿಸಲು ಎರಡು ಘಟನೆಗಳೂ ಪರಸ್ಪರ ಸ್ವತಂತ್ರವಾಗಿರಬೇಕು. ಒಂದೇ ಮೇಜಿನ ಮೇಲೆ, ಒಂದೇ ವಿದ್ಯುತ್ ಸಂಪರ್ಕದಲ್ಲಿರುವ ಎರಡು ಡಿಸ್ಕುಗಳು ಸಿಡಿಲಿಗೂ ಕಳ್ಳನಿಗೂ ಒಂದೇ. ಒಂದು ನಕಲು ಬೇರೆ ಮನೆಯಲ್ಲಿರಬೇಕೆಂಬ ನಿಯಮದ ತಿರುಳು ಇದೇ.

ಬೇರೆ ಊರಿನ ಚಿಕ್ಕಪ್ಪನ ಮನೆಯ ಗಣಕಕ್ಕೆ ನಕಲನ್ನು ಕಳುಹಿಸಬೇಕಾದರೆ ‘ಎಸ್‌ಎಸ್‌ಎಚ್’ ಎಂಬ ಭದ್ರವಾದ ಮಾರ್ಗವಿದೆ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೊಂಚುಹಾಕಿ ಪಾಸ್‌ವರ್ಡುಗಳನ್ನು ಕದ್ದ ಮೇಲೆ, 1995ರಲ್ಲಿ ಅಲ್ಲಿಯ ಟಾಟು ಉಲೋನೆನ್ ಇದನ್ನು ರಚಿಸಿದರು. ಇಲ್ಲಿ ಪಾಸ್‌ವರ್ಡಿಗೆ ಬದಲಾಗಿ ಜೋಡಿ ಕೀಲಿಗಳನ್ನು ಬಳಸಬಹುದು. ಗುಟ್ಟಿನ ಕೀಲಿ ನಮ್ಮಲ್ಲಿ, ಬಹಿರಂಗ ಕೀಲಿ ಚಿಕ್ಕಪ್ಪನ ಗಣಕದಲ್ಲಿ. ಗುಟ್ಟಿನ ಕೀಲಿಯ ಕಡತವನ್ನು ಉಳಿದವರು ಓದಬಹುದಾಗಿದ್ದರೆ ಎಸ್‌ಎಸ್‌ಎಚ್ ಅದನ್ನು ಬಳಸಲು ನಿರಾಕರಿಸುತ್ತದೆ. ಹಕ್ಕು 600 ಆಗಿದ್ದರೆ ಒಪ್ಪುತ್ತದೆ. ರಾತ್ರಿಯ ಕೆಲಸಕ್ಕೆ ಬಳಸುವ ಕೀಲಿಯು ಮನುಷ್ಯರ ನೆರವಿಲ್ಲದೆ ಬಾಗಿಲನ್ನು ತೆರೆಯಬೇಕಾದುದರಿಂದ, ಅದು ಕಳುವಾದರೆ ಅಪಾಯ ಹೆಚ್ಚು. ಇದಕ್ಕೂ ಪರಿಹಾರವುಂಟು. ‘ಈ ಕೀಲಿಯಿಂದ ಬಂದವರಿಗೆ ನಕಲು ಪಡೆಯುವ ಒಂದು ಆಜ್ಞೆಯ ಹೊರತು ಬೇರಾವುದನ್ನೂ ನಡೆಸಬೇಡ’ ಎಂದು ಚಿಕ್ಕಪ್ಪನ ಗಣಕದಲ್ಲಿ ಬರೆದಿಡಬಹುದು. ಸಾಕಾಗುವಷ್ಟೇ ಅಧಿಕಾರವೆಂಬ ಸೂತ್ರವು ಇಲ್ಲಿಯೂ ಕೆಲಸಮಾಡುತ್ತಿರುವುದನ್ನು ಗಮನಿಸಬಹುದು.

ದುರಸ್ತಿ ಮತ್ತು ಪರೀಕ್ಷೆ

ಕ್ರಮವಿಧಿಗಳನ್ನು ಬರೆಯುವವರೂ ಮನುಷ್ಯರೇ. ಅವುಗಳಲ್ಲಿ ಬಿರುಕುಗಳಿರುವುದು ಸಹಜ. ಲಿನಕ್ಸ್ ಗಣಕಗಳಲ್ಲಿ ಆಜ್ಞೆಗಳನ್ನು ಸ್ವೀಕರಿಸುವ ‘ಬ್ಯಾಷ್’ ಎಂಬ ಕ್ರಮವಿಧಿಯಲ್ಲಿ 1989ರಿಂದಲೂ ಅಡಗಿದ್ದ ದೋಷವೊಂದು ಬಹಿರಂಗವಾದದ್ದು 2014ರ ಸೆಪ್ಟೆಂಬರಿನಲ್ಲಿ. ಇಪ್ಪತ್ತೈದು ವರ್ಷ ಯಾರ ಕಣ್ಣಿಗೂ ಬೀಳದ ಬಿರುಕು, ಪ್ರಕಟವಾದ ಮೇಲೆ ಕಳ್ಳರಿಗೂ ಗೊತ್ತಾಯಿತು. ದುರಸ್ತಿಯ ಪ್ರತಿ ಹೊರಬಿದ್ದ ದಿನವೇ ಅದನ್ನು ಅಳವಡಿಸಿಕೊಂಡವರಿಗೆ ಭಯ ಕಡಮೆ. ಮುಂದೂಡಿದವರಿಗೆ, ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಈ ದುರಸ್ತಿಯನ್ನೂ ವೇಳಾಪಟ್ಟಿಗೆ ಸೇರಿಸಬಹುದು. ಡೆಬಿಯನ್, ಉಬುಂಟು, ಫೆಡೋರ ಮೊದಲಾದ ಲಿನಕ್ಸ್ ಸಂಚಿಕೆಗಳಲ್ಲಿ ರಕ್ಷಣಾ ದುರಸ್ತಿಗಳನ್ನು ತಾವಾಗಿಯೇ ತರಿಸಿ ಅಳವಡಿಸಿಕೊಳ್ಳುವ ಏರ್ಪಾಡುಗಳಿವೆ.

ಎಲ್ಲವನ್ನೂ ಒಪ್ಪಿಸಿದ ಮೇಲೆ ನಾವು ನಿಶ್ಚಿಂತರಾಗಿ ಮಲಗಬಹುದೆ? ಈ ಪ್ರಶ್ನೆಗೆ 2017ರ ಜನವರಿ 31ರಂದು ನಡೆದ ಘಟನೆ ಉತ್ತರ ಹೇಳುತ್ತದೆ. ಸಾವಿರಾರು ಮಂದಿ ಕ್ರಮವಿಧಿಕಾರರ ಬರಹಗಳನ್ನು ಕಾಯ್ದಿಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ, ಸಿಬ್ಬಂದಿಯೊಬ್ಬರು ಬೇರೆ ಗಣಕವೆಂದು ಭಾವಿಸಿ ಮುಖ್ಯ ದತ್ತಾಂಶದ ಕಡತಕೋಶವನ್ನು ಅಳಿಸತೊಡಗಿದರು. ಕ್ಷಣಮಾತ್ರದಲ್ಲಿ ತಡೆದರೂ ಸುಮಾರು 300 ಗಿಗಾಬೈಟುಗಳಷ್ಟು ದತ್ತಾಂಶ ಹೋಗಿತ್ತು. ದಿನವೂ ನಕಲು ತೆಗೆಯುವ ಏರ್ಪಾಡು ಇತ್ತು. ಹೋಗಿ ನೋಡಿದರೆ ಅಲ್ಲಿ ನಕಲೇ ಇರಲಿಲ್ಲ. ನಕಲು ತೆಗೆಯುವ ಉಪಕರಣದ ಆವೃತ್ತಿ ಹಳೆಯದಾಗಿದ್ದು ಕೆಲಸ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಮಿಂಚಂಚೆಗಳೂ ತಲಪದೆ ತಿರಸ್ಕೃತವಾಗುತ್ತಿದ್ದುವು. ಸುಮಾರು ಆರು ಗಂಟೆಗಳ ಹಿಂದೆ ಬೇರೆ ಉದ್ದೇಶಕ್ಕಾಗಿ ಕೈಯಿಂದ ತೆಗೆದಿದ್ದ ಪ್ರತಿಯೊಂದು ಆ ದಿನ ಅವರನ್ನು ಉಳಿಸಿತು. ಸಂಸ್ಥೆಯು ಈ ವಿವರಗಳನ್ನೆಲ್ಲ ಮರೆಮಾಚದೆ ಲೋಕದ ಮುಂದಿಟ್ಟದ್ದರಿಂದ ನಮಗೂ ಪಾಠ ದೊರೆಯಿತು.

ಪ್ರಯೋಗಶಾಲೆಯಲ್ಲಿ ಮಾಪಕದ ಮುಳ್ಳು ಅಲುಗದಿದ್ದರೆ ಪ್ರವಾಹವಿಲ್ಲವೆಂದು ಒಡನೆಯೇ ತೀರ್ಮಾನಿಸುವುದಿಲ್ಲ; ಮಾಪಕವೇ ಕೆಟ್ಟಿರಬಹುದೆಂದು ಗೊತ್ತಿರುವ ಒಂದು ಪ್ರವಾಹವನ್ನು ಹಾಯಿಸಿ ನೋಡುತ್ತೇವೆ. ಗಣಕದ ಮೌನವನ್ನೂ ಹಾಗೆಯೇ ಪರೀಕ್ಷಿಸಬೇಕು. ದೂರು ಬಾರದಿರುವುದು ಕೆಲಸ ನಡೆದುದಕ್ಕೆ ಸಾಕ್ಷಿಯಲ್ಲ. ಪ್ರತಿ ರಾತ್ರಿಯ ಕೆಲಸವು ಮುಗಿದ ಹೊತ್ತನ್ನು ಒಂದು ಕಡತದಲ್ಲಿ ಬರೆದಿಡಲಿ; ವಾರಕ್ಕೊಮ್ಮೆ ಅದನ್ನು ಓದೋಣ. ತಿಂಗಳಿಗೊಮ್ಮೆ ನಕಲಿನಿಂದ ಒಂದು ಕಡತವನ್ನು ಹೊರತೆಗೆದು, ಮೂಲದೊಡನೆ ಹೋಲಿಸಿ ನೋಡೋಣ. ಮರಳಿ ಪಡೆದು ನೋಡದ ನಕಲನ್ನು ನಕಲೆಂದು ನಂಬುವುದು ತೆರೆದು ನೋಡದ ಕಣಜದಲ್ಲಿ ಧಾನ್ಯವಿದೆಯೆಂದು ನಂಬಿದಂತೆ.

ನಮ್ಮ ಉದಾಹರಣೆಯ ಮಗಳಿಗೆ ಇಷ್ಟನ್ನೂ ಏರ್ಪಡಿಸಲು ಒಂದು ರಜಾದಿನ ಸಾಕು. ಬೇರೆ ಬೇರೆ ಖಾತೆಗಳು, ಉದ್ದವಾದ ಪಾಸ್‌ವರ್ಡು, ತನ್ನದೇ ವೇಳಾಪಟ್ಟಿಯಲ್ಲಿ ಒಂದು ಸಾಲು, ದಿನಾಂಕ ಹಾಕಿದ ನಕಲುಗಳು, ದೂರದ ಊರಿನಲ್ಲೊಂದು ಪ್ರತಿ, ತಾನಾಗಿ ಬರುವ ದುರಸ್ತಿಗಳು. ಆಮೇಲಿನ ಕೆಲಸವೆಲ್ಲ ಗಣಕದ್ದು. ತಿಂಗಳಿಗೊಮ್ಮೆ ಕೆಲವು ನಿಮಿಷಗಳ ಪರೀಕ್ಷೆ ಮಾತ್ರ ಅವಳದು. ಅದನ್ನು ಯಂತ್ರಕ್ಕೆ ಒಪ್ಪಿಸಲಾಗದು, ಒಪ್ಪಿಸಲೂಬಾರದು.